ಹೆದರಿಕೆ ತೆಗೆಯುವ ನೀಲಗಂಗಮ್ಮಜ್ಜಿ ಮತ್ತೆ ದೆವ್ವದ ಮನೆಗೆ ಹೋದದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಅಡಿಯಲ್ಲಿ ಗೆರೆ ಎಳೆದ ಹಾಳೆ ಇಟ್ಟುಕೊಂಡು ಬರೆದರೂ ಸಾಲುಗಳು ಬಲಗಡೆ ಹೋಗುತ್ತಾ ಕೆಳಕ್ಕೆ ಜಾರುತ್ತವೆ. ಪದಗಳೂ ನನಗೆ ಬೇಗ ಸಿಗುವುದಿಲ್ಲ. ಪಿಯುಸಿ ಮೊದಲ ವರ್ಷವನ್ನೇ ಅರ್ಧಕ್ಕೆ ಬಿಟ್ಟವಳು ನಾನು. ಈಗ ಅಮ್ಮನ ಜೊತೆ ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ. ನಮ್ಮ ಬಡಾವಣೆಯ ಗ್ರಂಥಾಲಯದ ಮೇಡಂ, "ಕೈಬರಹದ ಪತ್ರಿಕೆಗೆ ನಿಮ್ಮ ಬೀದಿಯ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡು ಕವನಾ. ಯಾರ ಮುಂದೆಯೂ ಓದೋದು ಬೇಡ, ಬರೆದ್ರೆ ಸಾಕು" ಅಂದರು. ಓದೋದು ಬೇಡ ಅಂದದ್ದಕ್ಕೇ ಒಪ್ಪಿಕೊಂಡೆ.

ನಾನು ಬರೆಯುವುದು ನೀಲಗಂಗಮ್ಮಜ್ಜಿಯ ಬಗ್ಗೆ. ಬಸವೇಶ್ವರನಗರದಲ್ಲಿ ಅವರ ಮನೆಯ ಹಿಂಭಾಗದಲ್ಲೇ ನಾವು ಬಾಡಿಗೆಗಿದ್ದೇವೆ. ಮುಂಭಾಗದಲ್ಲಿ ಅಜ್ಜಿ ಮತ್ತು ಅವರ ಯಜಮಾನರು ಪಂಚಾಕ್ಷರಿ ತಾತ ಇದ್ದಾರೆ. ಚಿತ್ರದುರ್ಗದ ಕಡೆಯವರು. ತಾತನಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದರಂತೆ, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಅಜ್ಜಿ ಮಾತ್ರ ಆ ಕಡೆಯ ಮಾತನ್ನು ಇನ್ನೂ ಬಿಟ್ಟಿಲ್ಲ.

ಅಜ್ಜಿ ಹೆದರಿಕೆ ತೆಗೆಯುತ್ತಾರೆ. ದೃಷ್ಟಿ ತೆಗೆಯುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ, ಆದರೆ ಹೆದರಿಕೆ ತೆಗೆಯುವುದು ಬೇರೆ. ಮಗು ರಾತ್ರಿ ಬೆಚ್ಚಿ ಬೀಳುತ್ತಿದ್ದರೆ, ಊಟ ಬಿಟ್ಟಿದ್ದರೆ, ಅಮ್ಮನ ಸೊಂಟದಿಂದ ಇಳಿಯದೇ ಇದ್ದರೆ ನಮ್ಮ ಬೀದಿಯವರು ಡಾಕ್ಟರ ಹತ್ತಿರ ಹೋಗುವಾಗಲೋ ಬರುವಾಗಲೋ ಅಜ್ಜಿಯ ಹತ್ತಿರವೂ ಬರುತ್ತಾರೆ. ಅಜ್ಜಿಯ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಎಲ್ಲಿ ಹೆದರ್ಕಂಡಿದ್ದು?" ಮಗು ಎಲ್ಲಿ ಹೆದರಿತೋ ಆ ಜಾಗದ ಒಂದು ಚಿಟಿಕೆ ಮಣ್ಣು ಬೇಕು. ಅದನ್ನು ಮಗುವಿನ ಹಣೆಗೆ ಹಚ್ಚಿ, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು ಮೂರು ಸುತ್ತು ನಿವಾಳಿಸುತ್ತಾರೆ. ಪ್ರತಿ ಸುತ್ತಿಗೂ "ಹೋಯ್ತಾ?" ಅಂತ ಕೇಳುತ್ತಾರೆ. ಹೆದರಿದವರು "ಹೋಯ್ತು" ಅನ್ನಬೇಕು. ಕೊನೆಗೆ ಆ ಉಪ್ಪನ್ನು ನೀರಿಗೆ ಹಾಕಬೇಕು.

ಈಗ ಎಲ್ಲ ಕಡೆ ಟೈಲ್ಸ್ ಆಗಿರುವುದರಿಂದ ಮಣ್ಣು ಸಿಗುವುದೇ ಕಷ್ಟ. ಅಜ್ಜಿ ಅದಕ್ಕೂ ದಾರಿ ಮಾಡಿಕೊಂಡಿದ್ದಾರೆ. ಸ್ಕೂಲ್ ವ್ಯಾನಿನಲ್ಲಿ ಹೆದರಿದ ಮಗುವಿಗೆ ವ್ಯಾನಿನ ಟೈರಿಗಂಟಿದ ಮಣ್ಣು ತರಿಸಿದ್ದರು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಹುಡುಗಿಗೆ ಲಿಫ್ಟಿನ ಬಾಗಿಲ ಸಂದಿಯ ಧೂಳನ್ನು ಹೇರ್‌ಪಿನ್ನಿನಲ್ಲಿ ಕೆರೆದು ತೆಗೆದರು. ಅವಳಿಗೆ ವಾಸಿಯಾಯಿತು. ಲಿಫ್ಟಿನ ಬಾಗಿಲೂ ಅವತ್ತಿನಿಂದ ಸರಿಯಾಗಿ ಮುಚ್ಚುತ್ತಿದೆ ಅಂತ ಅವರ ಮನೆಯವರೇ ಹೇಳಿದರು.

ಮಾತು ಬಾರದ ಕೂಸಾದರೆ ಅದರ ಪರವಾಗಿ ಇನ್ನೊಬ್ಬರು "ಹೋಯ್ತು" ಅನ್ನಬೇಕು. ಹತ್ತಿರದಲ್ಲೇ ಇರುವುದರಿಂದ ಆ ಕೆಲಸ ನನಗೆ ಬರುತ್ತಿತ್ತು. ನನ್ನ ದನಿ ಏಳುವುದಿಲ್ಲ. ಕಾಲೇಜಿನಲ್ಲೂ ಎದ್ದು ನಿಂತರೆ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

"ಏನಂದೆ?" ಅಂತ ಅಜ್ಜಿ ಗದರುತ್ತಿದ್ದರು. "ನಂಗೇ ಕೇಳ್ಲಿಲ್ಲ, ಹೆದರಿಕೆಗೆ ಹೆಂಗೆ ಕೇಳ್ತೈತೆ? ಅದು ಎದ್ದು ಹೋಗ್ಬೇಕಾದ್ರೆ ಗಟ್ಟಿಯಾಗಿ ಹೇಳ್ಬೇಕು ಕಣೇ."

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ದೆವ್ವವನ್ನು ಗುರುತು ಹಿಡಿಯುವುದು ಹೇಗೆ ಅಂತ ಮಕ್ಕಳು ಕೇಳಿದರೆ ಅಜ್ಜಿ ಹೇಳುವುದು ಹೀಗೆ: "ಮುಖ ನೋಡ್ಬೇಡಿ, ಮುಖ ಯಾರ್ದಾದ್ರೂ ಹಂಗಿರ್ಬೋದು. ಕಾಲು ನೋಡಿ. ಕಾಲಿಲ್ದಿದ್ರೆ ದೆವ್ವ. ಕಾಲಿದ್ರೆ ನಮ್ಮಂಗೇ ಯಾರೋ, ಪಾಪ."

ಈಗ ದೆವ್ವದ ಮನೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಬೀದಿಯ ಹೆಂಗಸರದು ಒಂದು ಅಕ್ಕನ ಬಳಗ ಇದೆ. ವಾರಕ್ಕೊಮ್ಮೆ ಸೇರಿ ವಚನ ಹಾಡುತ್ತಾರೆ. ಈ ವರ್ಷ ಮಹಿಳಾ ದಿನಾಚರಣೆಗೆ ಎಲ್ಲರೂ ಕೆಂಗೇರಿಯಾಚೆಯ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋದರು. ಅಮ್ಮನಿಗೆ ಬ್ಲೌಸುಗಳ ಅರ್ಜೆಂಟ್ ಇದ್ದದ್ದರಿಂದ ತನ್ನ ಬದಲು ನನ್ನನ್ನು ಕಳಿಸಿದಳು. ನಾನು ಎಲ್ಲರ ಬ್ಯಾಗು ಹಿಡಿದುಕೊಂಡು ಹೊರಗೆ ನಿಲ್ಲುವ ಕೆಲಸ ವಹಿಸಿಕೊಂಡೆ.

ನೀರಿನ ಆಟಗಳಿಗೆ ಸೀರೆ ಅಡ್ಡಿ, ತಲೆಕೆಳಗು ಮಾಡುವ ಆಟಗಳಿಗೆ ವಯಸ್ಸು ಅಡ್ಡಿ. ಹಾಗೆ ಸುತ್ತುತ್ತಾ ಇದ್ದಾಗ ಅಜ್ಜಿಗೆ ಒಂದು ತಣ್ಣಗಿನ ಹಾಲ್ ಕಾಣಿಸಿತು. ಬೋರ್ಡಿನ ಮೇಲೆ ಭೂತ ಬಂಗಲೆ, ವರ್ಚುವಲ್ ರಿಯಾಲಿಟಿ ಅಂತ ಇತ್ತು.

"ಕನ್ನಡಕ ಹಾಕ್ಕಂಡು ಕೂತಲ್ಲೇ ನೋಡೋದಂತೆ. ಒಳಗೆ ಏಸಿನೂ ಐತೆ. ನಮಗೆ ಇದೇ ಸರಿ ಬರ್ರಿ" ಅಂದರು ಅಜ್ಜಿ.

ಅದು ಕನ್ನಡಕವಲ್ಲ, ಕಣ್ಣಿಗೆ ಕಟ್ಟುವ ಪೆಟ್ಟಿಗೆ. ಕಟ್ಟಿಕೊಂಡರೆ ಯಾವ ಕಡೆ ತಲೆ ತಿರುಗಿಸಿದರೂ ಆ ಬಂಗಲೆಯ ಒಳಗೇ ಇರುವ ಹಾಗೆ ಕಾಣುತ್ತದೆ. ಕುರ್ಚಿ ಅಲ್ಲಾಡುತ್ತದೆ. ಕತ್ತಿನ ಹಿಂದೆ ಉಸಿರು ಬಿಟ್ಟ ಹಾಗೆ ಗಾಳಿ ಬರುತ್ತದೆ. ಪೆಟ್ಟಿಗೆ ಕೊಳೆಯಾಗಬಾರದು ಅಂತ ಅಲ್ಲಿನ ಹುಡುಗ ಒದ್ದೆ ಟಿಶ್ಯೂ ಕೊಟ್ಟು ಎಲ್ಲರ ಹಣೆಯ ವಿಭೂತಿ, ಕುಂಕುಮ ಒರೆಸಿಸಿದ. ಅಜ್ಜಿ ಗೊಣಗುತ್ತಲೇ ಒರೆಸಿಕೊಂಡರು.

ಹೊರಗೆ ಕಾಯುವವರಿಗಾಗಿ ಒಂದು ಟಿವಿ ಇತ್ತು. ಅದರಲ್ಲಿ ಒಳಗೆ ಕೂತವರ ಮುಖ ಕಾಣುತ್ತದೆ. ಮೊದಮೊದಲು ಅಜ್ಜಿ ಆರಾಮಾಗಿ ಕೂತಿದ್ದರು. ಆಮೇಲೆ ಕೂಗಿದರು. (ನಾನು ಮೊದಲು "ಕಿರುಚಿದರು" ಅಂತ ಬರೆದಿದ್ದೆ. ಇಲ್ಲಿಯವರೆಗೆ ಓದಿ ಹೇಳಿದಾಗ ಅಜ್ಜಿ, "ಕಿರುಚಿದ್ದಲ್ಲ, ಕೂಗಿದ್ದು" ಅಂತ ತಿದ್ದಿಸಿದರು. ಟಿವಿಯಲ್ಲಿ ಸದ್ದು ಇರಲಿಲ್ಲ, ಆದರೂ ಗೋಡೆಯಾಚೆಯಿಂದ ನನಗೆ ಚೆನ್ನಾಗಿ ಕೇಳಿಸಿತು.) ಆ ಬಂಗಲೆಯಲ್ಲಿ ಕೂದಲು ಕೆದರಿಕೊಂಡ ಒಬ್ಬ ಹೆಂಗಸು ಬಾಗಿಲಿನಿಂದ ಬಂದು ಮುಖಕ್ಕೆ ಮುಖ ಕೊಟ್ಟು ಅರಚುತ್ತಾಳೆ. ಅಜ್ಜಿ ಗಾಬರಿಯಲ್ಲಿ ಪಕ್ಕಕ್ಕೆ ಕೈ ಹಾಕಿದ್ದಾರೆ. ಪಕ್ಕದಲ್ಲಿ ಎದುರುಮನೆ ವೆಂಕಟಲಕ್ಷ್ಮಮ್ಮ ಆಂಟಿ ಇದ್ದರು. ಅಜ್ಜಿಯ ಕೈಗೆ ಅವರ ತುರುಬು ಸಿಕ್ಕಿದೆ. ಎಳೆದಿದ್ದಾರೆ. ಆ ತುರುಬಿನೊಳಗೆ ಚೌರಿ ಇತ್ತು, ಉದ್ದ ಕಾಣಲಿ ಅಂತ ಸೇರಿಸಿಕೊಳ್ಳುವ ಕೂದಲು. ಅದು ಪೂರ್ತಿ ಕೈಗೆ ಬಂತು.

ಆಟ ಮುಗಿದು ಪೆಟ್ಟಿಗೆ ತೆಗೆದರು. ದೆವ್ವ ಹೋಗಿತ್ತು, ಆದರೆ ಅದರ ಕೂದಲು ಅಜ್ಜಿಯ ಕೈಯಲ್ಲೇ ಇತ್ತು. ಅಜ್ಜಿ ಮತ್ತೆ ಕೂಗಿದರು. ಅದನ್ನು ನೋಡಿ ವೆಂಕಟಲಕ್ಷ್ಮಮ್ಮ ಆಂಟಿಯೂ ಕೂಗಿದರು, ಬೇರೆ ಕಾರಣಕ್ಕೆ.

(ಇದನ್ನು ಬರೆಯಬಹುದಾ ಅಂತ ಆಂಟಿಯನ್ನು ಕೇಳಿದೆ. "ಬರ್ಕೋ ಬರ್ಕೋ, ಇನ್ನು ಯಾರಿಗೆ ಗೊತ್ತಾಗೋದು ಬಾಕಿ ಇದೆ" ಅಂದರು.)

ಹೊರಗೆ ಬರುವ ದಾರಿಯಲ್ಲಿ ಫೋಟೊ ಕೌಂಟರ್ ಇದೆ. ದೆವ್ವ ಮುಖಕ್ಕೆ ಬರುವ ಕ್ಷಣದಲ್ಲಿ ಎಲ್ಲರ ಫೋಟೊ ತೆಗೆದಿರುತ್ತಾರೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಅಕ್ಕನ ಬಳಗದ ಗ್ರೂಪಿಗೆ ಹಾಕಿದರು. ನಾವು ಮನೆಗೆ ಬರುವುದರೊಳಗೆ ಫೋಟೊ ಬಂದಿತ್ತು.

ಒಂದು ವಾರ ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಆಮೇಲೆ ಮೂಲೆಮನೆ ಸೌಮ್ಯಶ್ರೀ ಅಕ್ಕನ ಮಗು ಪಟಾಕಿ ಸದ್ದಿಗೆ ಬೆಚ್ಚಿಬಿತ್ತು. ಅವರು ಅಜ್ಜಿಯ ಮನೆಯ ಮುಂದೆಯೇ ಮಗುವನ್ನು ಎತ್ತಿಕೊಂಡು ವಿಜಯನಗರದಲ್ಲಿ ಯಾರೋ ಇದ್ದಾರೆ ಅಂತ ಆಟೊ ಹತ್ತಿದರು. ಅಜ್ಜಿ ಗೇಟಿನ ಹತ್ತಿರ ಹೂ ಬಿಡಿಸುತ್ತಿದ್ದರು.

"ಇಲ್ಲೇ ತೋರಿಸ್ಬೋದಿತ್ತಲ್ಲ ಸೌಮ್ಯಾ" ಅಂದರು.

"ಇಲ್ಲ ಅಜ್ಜಿ, ನೀವೇ ಪಾಪ ಹೆದರ್ಕೊಂಡಿದೀರ. ಮೊದಲು ನೀವು ಸುಧಾರಿಸ್ಕೊಳ್ಳಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಜ್ಜಿ ಆ ದಿನ ಉಪ್ಪಿನ ಭರಣಿಯನ್ನು ಅಟ್ಟಣಿಗೆಯ ಮೇಲಿಟ್ಟರು. ನಾನು ಕುಚ್ಚು ಕಟ್ಟಲು ಅವರ ಜಗುಲಿಗೆ ಹೋದಾಗ ಹೇಳಿದರು: "ಸೌಮ್ಯ ಅಂದಿದ್ದು ಸುಳ್ಳಲ್ಲ ಬಿಡೇ. ಒಳಗೆ ಹೆದರಿಕೆ ಇಟ್ಕಂಡೋರು ಇನ್ನೊಬ್ರದ್ದು ತೆಗೀಬಾರ್ದು. ನಮ್ಮತ್ತೆ ಇದನ್ನ ಕಲಿಸುವಾಗ್ಲೇ ಹೇಳಿದ್ರು."

ಅಜ್ಜಿಗೆ ಹೆದರಿಕೆ ಇದ್ದದ್ದು ನಿಜ. ಬಚ್ಚಲುಮನೆಗೆ ಹೋದರೆ ತಾತ ಬಾಗಿಲ ಹೊರಗೆ ನಿಂತು ಪೇಪರನ್ನು ಗಟ್ಟಿಯಾಗಿ ಓದಬೇಕಿತ್ತು, ಅಲ್ಲೇ ಇದ್ದಾರೆ ಅಂತ ಗೊತ್ತಾಗಲು. ಒಂದು ದಿನ ತಾತ ಬೇಕಂತಲೇ ಶ್ರದ್ಧಾಂಜಲಿ ಪುಟ ಓದಿದರು. ಅವತ್ತು ಅವರಿಗೆ ಕಾಫಿ ಸಿಗಲಿಲ್ಲ.

"ಗಂಗಾ, ನಾನೇ ನಿವಾಳಿಸ್ತೀನಿ, ಬಾ" ಅಂದರು ತಾತ.

"ಮಣ್ಣೆಲ್ಲೈತೆ?"

"ಕುಂಡದಲ್ಲಿ ಬೇಕಾದಷ್ಟಿದೆ."

"ನಾನೇನು ತುಳಸಿ ಗಿಡ ನೋಡಿ ಹೆದರ್ಕಂಡ್ನಾ? ಹೆದರ್ಕಂಡ ಜಾಗದ್ದೇ ಆಗ್ಬೇಕು."

ಹಾಗಾಗಿ ಮತ್ತೆ ಹೋಗುವುದು ಅಂತ ತೀರ್ಮಾನವಾಯಿತು. ದೆವ್ವದ ಮನೆಯ ಮಣ್ಣು ನಮ್ಮ ಹೊಸ್ತಿಲು ದಾಟಬಾರದು, ಅಲ್ಲೇ ನಿವಾಳಿಸಿಕೊಂಡು ಬರೋಣ ಅಂತ ಅಜ್ಜಿ ಕಲ್ಲುಪ್ಪು ಕಟ್ಟಿಕೊಂಡರು. ನಿವಾಳಿಸಲು ತಾತ, ಜೊತೆಗೆ ನಾನು. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದು, ಬಸ್ಸು ಹಿಡಿದು ಹೋದೆವು. ಪಾರ್ಕಿನ ಗೇಟಿನಲ್ಲಿ ಬ್ಯಾಗ್ ನೋಡುವ ಹೆಂಗಸು ಉಪ್ಪಿನ ಪೊಟ್ಟಣ ಬಿಚ್ಚಿದರು.

"ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಮ್ಮ."

"ಬರೀ ಉಪ್ಪನ್ನ ಯಾರವ್ವ ತಿಂಡಿ ಅಂತಾರೆ?"

"ಸೌತೆಕಾಯಿ ಎಲ್ಲಿಟ್ಟಿದೀರ?"

ಅಜ್ಜಿ ಸೌತೆಕಾಯಿ ಇಲ್ಲವೆಂದು ತೋರಿಸಲು ಬ್ಯಾಗನ್ನು ಪೂರ್ತಿ ಬಗ್ಗಿಸಿದರು. ಹಿಂದೆ ಸಾಲು ಬೆಳೆದಿತ್ತು, ಬಿಟ್ಟುಬಿಟ್ಟರು.

ಭೂತ ಬಂಗಲೆಯ ಹತ್ತಿರ ಅದೇ ಹುಡುಗ ಇದ್ದ. ಅಂಗಿಯ ಮೇಲೆ ಸಿದ್ದೇಶ್ ಅಂತ ಹೆಸರಿತ್ತು. ಅಜ್ಜಿಯನ್ನು ನೋಡಿದ ಕೂಡಲೇ, "ಓ, ಕೂದಲು ಅಜ್ಜಿ!" ಅಂದ.

"ಇರ್ಲಿ ಕಣಪ್ಪ. ಒಂದು ಚಿಟಿಕೆ ಮಣ್ಣು ಬೇಕಿತ್ತು, ಆ ಹೆಂಗಸು ಬಂದು ಅರಚ್ತಾಳಲ್ಲ, ಅಲ್ಲಿಂದು."

"ಇಲ್ಲಿ ಮಣ್ಣಿಲ್ಲ ಅಜ್ಜಿ, ಕಾರ್ಪೆಟ್ಟು."

"ಈ ಹಾಲಿಂದಲ್ಲಪ್ಪ, ಆ ಬಂಗ್ಲೇದು. ಅದೆಲ್ಲೈತೆ?"

"ಅದು ಕಂಪ್ಯೂಟರ್ ಒಳಗಡೆ."

"ನೀನು ಒಳಗೆ ಹೋಗಿದೀಯಾ?"

"ಎಲ್ಲರೂ ಪೆಟ್ಟಿಗೆ ಹಾಕ್ಕೊಂಡೇ ಹೋಗೋದು ಅಜ್ಜಿ."

ಅಜ್ಜಿ ಆ ಬೋರ್ಡನ್ನೊಮ್ಮೆ ನೋಡಿದರು. ನನ್ನ ಕೈಲಿದ್ದ ಬ್ಯಾಗಿನಿಂದ ಉಪ್ಪು ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡರು.

"ಹಂಗಾರೆ ನಾನೇ ಒಳಗೆ ಹೋಗಿ ತರ್ತೀನಿ" ಅಂದರು.

ತಾತನಿಗೆ ಬಿಪಿ ಇರುವುದರಿಂದ ಅವರನ್ನು ಸಿದ್ದೇಶ್ ಒಳಗೆ ಬಿಡಲಿಲ್ಲ. "ನಂಗೆ ಬಿಪಿ ಇಲ್ಲಪ್ಪ, ನಮ್ಮನೇದೆಲ್ಲ ಇವ್ರಿಗೇ ಬಂದೈತೆ" ಅಂತ ಅಜ್ಜಿ ಸಿದ್ದೇಶನಿಗೆ ಹೇಳಿ, ನನ್ನ ಕೈ ಹಿಡಿದರು. "ಬಾರೇ ಕವನಾ, ನನ್ನ ಪಕ್ಕ ಕೂರು." ನಾನು ಬ್ಯಾಗು ಹಿಡಿದುಕೊಳ್ಳಬೇಕಲ್ಲ ಅಂದೆ. ತಾತ ಬ್ಯಾಗು ಕಿತ್ತುಕೊಂಡರು.

ಸಿದ್ದೇಶ್ ಟಿಶ್ಯೂ ಚಾಚಿದ. ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. "ಹೋದ ಸಲ ಒರೆಸಿ ಆಗಿದ್ದು ಸಾಕು. ಬರೀ ಹಣೇಲಿ ನನ್ನ ದೆವ್ವದ ಮನೆಗೆ ಕಳಿಸ್ತೀಯೇನೋ?" ಕೊನೆಗೆ ಅವನು ಒಂದು ಕಾಗದದ ಮುಖವಾಡ ಹುಡುಕಿ ತಂದು, ವಿಭೂತಿಯ ಮೇಲೆ ಹಾಕಿ, ಅದರ ಮೇಲೆ ಪೆಟ್ಟಿಗೆ ಕಟ್ಟಿದ. ನಮ್ಮ ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರು ಕೂತು ನಗುತ್ತಿದ್ದರು. ನನಗೆ ದೆವ್ವಕ್ಕಿಂತ ಅವರದೇ ಹೆದರಿಕೆ ಜಾಸ್ತಿ ಇತ್ತು.

ಬಂಗಲೆಯ ಬಾಗಿಲು ತೆರೆಯಿತು. ಒಂದು ಉದ್ದದ ಓಣಿ. ದೀಪ ಮಿಣುಕುತ್ತಿದೆ. ನಾವು ತಂತಾನೇ ಮುಂದೆ ಹೋಗುತ್ತಿದ್ದೇವೆ. ಅಜ್ಜಿ ಮಣ್ಣಿಗಾಗಿ ಕೆಳಗೇ ನೋಡುತ್ತಿದ್ದರು ಅಂತ ಕಾಣುತ್ತದೆ, ಯಾಕೆಂದರೆ ಅವರ ದನಿ ಕೆಳಗಿನಿಂದ ಬರುತ್ತಿತ್ತು.

"ಮಣ್ಣೇ ಇಲ್ವಲ್ಲೇ. ಎಲ್ಲ ಮಾರ್ಬಲ್ಲು. ಒಂದು ಕಸ ಇಲ್ಲ. ಹಾಳು ಬಂಗ್ಲೇನ ಯಾರು ಗುಡಿಸ್ತಾರೆ?"

ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಕವನಾ."

"ಹ್ಞೂಂ ಅಜ್ಜಿ."

"ನನ್ನ ಕಾಲೆಲ್ಲೇ?"

ಕಣ್ಣು ತೆರೆದು ಕೆಳಗೆ ನೋಡಿದೆ. ನನ್ನ ಕಾಲೂ ಇರಲಿಲ್ಲ. ಕುರ್ಚಿಯೂ ಇಲ್ಲ, ಚೂಡಿದಾರವೂ ಇಲ್ಲ. ನಾವಿರಬೇಕಾದ ಕಡೆ ಬರೀ ನೆಲ. ನಾನು ಆ ಆಟದಲ್ಲಿ ನಿಜವಾಗಿ ಹೆದರಿದ್ದು ಅದೊಂದಕ್ಕೇ. ಅಷ್ಟರಲ್ಲಿ ಆ ಬಾಗಿಲು ಕಿರ್ರೆಂದು ತೆರೆಯಿತು. ಅಜ್ಜಿ ಇನ್ನೂ ನೆಲವನ್ನೇ ನೋಡುತ್ತಿದ್ದರು. ಹಾಗಾಗಿ ಈ ಸಲ ಅವರಿಗೆ ಮೊದಲು ಕಂಡದ್ದು ಮುಖವಲ್ಲ.

"ಕಾಲೈತೆ!" ಅಂದರು. "ಈ ಹೆಣ್ಣಿಗೆ ಎರಡೂ ಕಾಲೈತೆ ಕಣೇ! ಹಿಮ್ಮಡಿ ಒಡ್ದೈತೆ ನೋಡು! ಇಲ್ದಿರೋದು ನಮಗೆ!"

ಆ ಹೆಂಗಸು ಮುಖಕ್ಕೆ ಮುಖ ಕೊಟ್ಟು ಅರಚಿದಳು. ಹಿಂದಿನ ಹುಡುಗರೂ ಅರಚಿದರು. ಅಜ್ಜಿ ಅರಚಲಿಲ್ಲ.

"ಅಯ್ಯೋ ನನ್ನ ಕೂಸೇ," ಅಂದರು. "ಅವಳ ಪಾಡಿಗೆ ಅವಳು ಮನೆ ಗುಡಿಸ್ಕಂಡು ಇದ್ರೆ, ನಾವು ಹಿಂಗೆ ಕಾಲಿಲ್ದೆ ತೇಲ್ಕಂಡು ಬಂದಿದೀವಿ. ಅರಚ್ದೆ ಇನ್ನೇನ್ ಮಾಡ್ತಾಳೆ? ಹೆದರ್ಕಂಡವ್ಳೆ ಪಾಪ. ಎಷ್ಟು ದಿನದಿಂದ ಹೆದರ್ಕಂಡವ್ಳೋ."

ನನಗೆ ಪಕ್ಕದಲ್ಲಿ ಸೆರಗಿನ ಗಂಟು ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಅವರ ಮೊಳಕೈ ನನ್ನ ಭುಜಕ್ಕೆ ತಾಗುತ್ತಾ ಸುತ್ತಿತು. ಅಜ್ಜಿ ನಿವಾಳಿಸುತ್ತಿದ್ದರು.

"ಹೋಯ್ತಾ?"

ಹೆಂಗಸು ಮತ್ತೆ ಅರಚಿದಳು.

"ಇದಕ್ಕೆ ಮಾತು ಬರಲ್ಲ. ಕವನಾ, ಹೇಳೇ!"

"ಹೋಯ್ತು" ಅಂದೆ.

"ಏನಂದೆ? ಇಷ್ಟು ಗಲಾಟೇಲಿ ಹೆದರಿಕೆಗೆ ಕೇಳ್ಬೇಕಾ ಬೇಡ್ವಾ? ಹೋಯ್ತಾ?"

ಹಿಂದೆ ಹುಡುಗರಿದ್ದಾರೆ ಅಂತ ನನಗೆ ನೆನಪಿತ್ತು. ಆದರೆ ಅಜ್ಜಿ ಕೈಯನ್ನು ಮೇಲೆ ಹಿಡಿದುಕೊಂಡು ಕಾಯುತ್ತಿದ್ದರು. ನಾನು ಹೇಳದೇ ಹೋದರೆ ಅದು ಮುಗಿಯುವುದಿಲ್ಲ.

"ಹೋಯ್ತು!" ಅಂತ ಕೂಗಿದೆ. ಕೂಗಿದೆ ಅಂತಲೇ ಬರೆಯಬಹುದಿತ್ತು, ಆದರೆ ಸರಿಯಾಗಿ ಹೇಳಬೇಕೆಂದರೆ ಕಿರುಚಿದೆ. ನನ್ನ ದನಿ ಅಷ್ಟು ಇದೆ ಅಂತ ನನಗೆ ಗೊತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಅಂದ: "ಮಗಾ, ಯಾರೋ ಅಜ್ಜಿ ದೆವ್ವಕ್ಕೇ ನಿವಾಳಿಸ್ತಾವ್ರೆ ಕಣೋ."

"ಹೋಯ್ತಾ?" ಅಂತ ಅಜ್ಜಿ ಮೂರನೆಯ ಸಲ ಕೇಳಿದರು.

"ಹೋಯ್ತು ಅಜ್ಜೀ!" ಅಂತ ಹಾಲಿನಲ್ಲಿದ್ದವರೆಲ್ಲ ಕೂಗಿದರು.

ಆ ಹೆಂಗಸು ಹಿಂದಕ್ಕೆ ಸರಿದು ಕತ್ತಲಲ್ಲಿ ಮರೆಯಾದಳು. ಆಟದಲ್ಲಿ ಅವಳು ಯಾವಾಗಲೂ ಅಲ್ಲಿಗೇ ಮರೆಯಾಗುತ್ತಾಳೆ ಅಂತ ಸಿದ್ದೇಶ್ ಆಮೇಲೆ ಹೇಳಿದ. ಅಜ್ಜಿಗೆ ನಾನು ಅದನ್ನು ಹೇಳಿಲ್ಲ. ಈಗ ಇದನ್ನು ಓದಿ ಹೇಳುವಾಗ ಗೊತ್ತಾಗುತ್ತದೆ.

ಪೆಟ್ಟಿಗೆ ತೆಗೆದಾಗ ಅಜ್ಜಿ ಮೊದಲು ತಮ್ಮ ಕಾಲು ನೋಡಿಕೊಂಡರು. ಕಾಲುಂಗುರ ಸಮೇತ ಇದ್ದವು. ಹೊರಗೆ ತಾತ ಟಿವಿಯ ಮುಂದೆ ನಿಂತು ಅಪರಿಚಿತರಿಗೆಲ್ಲ, "ನಮ್ಮನೆಯವ್ರು, ನಮ್ಮನೆಯವ್ರು" ಅಂತ ತೋರಿಸುತ್ತಿದ್ದರು.

"ಮಣ್ಣು ಸಿಕ್ತಾ ಗಂಗಾ?"

"ಬೇಕಾಗ್ಲಿಲ್ಲ. ಹೆದರಿಕೆ ನಂದಲ್ಲ, ಅವಳ್ದು. ಪಾಪ, ನಂಗೆ ಅಂಟ್ಕಂಡಿತ್ತು ಅಷ್ಟೇ."

ಸಿದ್ದೇಶ್ ಹಿಂದೆಯೇ ಬಂದ. ಕಾರ್ಪೆಟ್ಟಿನ ಮೇಲೆ ಉಪ್ಪು ಚೆಲ್ಲಿದ್ದಕ್ಕೆ ಬೈಯುತ್ತಾನೆ ಅಂದುಕೊಂಡೆ. ಅವನು ಆ ಕಡೆ ಈ ಕಡೆ ನೋಡಿ, "ಅಜ್ಜಿ, ಈ ಕೆಲಸಕ್ಕೆ ಸೇರಿದಾಗಿಂದ ನಂಗೆ ನಿದ್ದೇಲೂ ಅವಳ ಅರಚಾಟ ಕೇಳ್ತದೆ. ನಂಗೂ ಒಂದ್ಸಲ ತೆಗೀರಿ" ಅಂದ. ಅಜ್ಜಿ ಅವನನ್ನು ಅವನದೇ ಸ್ಟೂಲಿನ ಮೇಲೆ ಕೂರಿಸಿ, ಮೆಷಿನ್ನಿನ ಅಡಿಯ ಧೂಳನ್ನು ಅವನ ಹಣೆಗೆ ಹಚ್ಚಿ, ಉಳಿದ ಉಪ್ಪಿನಲ್ಲಿ ನಿವಾಳಿಸಿದರು. ಅವನು "ಹೋಯ್ತು" ಅಂದದ್ದು ಕೇಳಿಸಲಿಲ್ಲ. "ನಮ್ಮ ಕವನಾನ ಕೇಳು, ಹೆಂಗೆ ಹೇಳ್ಬೇಕು ಅಂತ ಹೇಳ್ಕೊಡ್ತಾಳೆ" ಅಂದರು ಅಜ್ಜಿ. ಉಪ್ಪನ್ನು ನೀರಿಗೆ ಹಾಕಬೇಕಲ್ಲ, ಅಲೆ ಏಳುವ ದೊಡ್ಡ ಕೊಳ ಇತ್ತು, ಅದಕ್ಕೇ ಹಾಕಿದೆವು. ಯಾರೂ ನೋಡಲಿಲ್ಲ.

ಈ ಸಲದ ಫೋಟೊದಲ್ಲಿ ಅಜ್ಜಿ ಮುಷ್ಟಿ ಎತ್ತಿದ್ದಾರೆ, ಹಿಂದೆ ಎಲ್ಲರ ಬಾಯೂ ತೆರೆದಿದೆ. ಎಲ್ಲರಿಗಿಂತ ದೊಡ್ಡದಾಗಿ ತೆರೆದಿರುವುದು ನನ್ನದು. ತಾತ ಅದನ್ನು ಅಕ್ಕನ ಬಳಗದ ಗ್ರೂಪಿಗೆ ಹಾಕಿಸಿದರು. ವೆಂಕಟಲಕ್ಷ್ಮಮ್ಮ ಆಂಟಿ ಮೊದಲು ಉತ್ತರ ಬರೆದರು: "ಈ ಸಲ ಯಾರ ಕೂದಲು?"

ಈಗ ಉಪ್ಪಿನ ಭರಣಿ ಅಟ್ಟಣಿಗೆಯಿಂದ ಇಳಿದಿದೆ. ಅಜ್ಜಿ ಬಚ್ಚಲುಮನೆಗೆ ಒಬ್ಬರೇ ಹೋಗುತ್ತಾರೆ. ತಾತನಿಗೆ ಮಾತ್ರ ಪೇಪರನ್ನು ಗಟ್ಟಿಯಾಗಿ ಓದುವುದು ರೂಢಿಯಾಗಿಬಿಟ್ಟಿದೆ.

ಇಷ್ಟು ಬರೆಯುವಾಗ ಮುಂದಿನಿಂದ ಅಜ್ಜಿ ಕರೆದರು. ಸೌಮ್ಯಶ್ರೀ ಅಕ್ಕ ಬಂದಿದ್ದಾರಂತೆ. ವಿಜಯನಗರದಲ್ಲಿ ತೆಗೆಸಿದ್ದು ನಿಲ್ಲಲಿಲ್ಲವಂತೆ, ಮಗು ಈಗ ಮಿಕ್ಸಿ ಸದ್ದಿಗೂ ಬೆಚ್ಚುತ್ತದಂತೆ. ಮಿಕ್ಸಿಯ ಅಡಿಯ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ತಂದಿದ್ದಾರೆ. ಮಗುವಿಗೆ ಇನ್ನೂ ಮಾತು ಬರುವುದಿಲ್ಲ. ನಾನು ಪೆನ್ನು ಮುಚ್ಚಿಟ್ಟು ಹೋಗಿ, "ಹೋಯ್ತು" ಅಂತ ಗಟ್ಟಿಯಾಗಿ ಹೇಳಿ ಬರುತ್ತೇನೆ.